ಸದ್ದಿಲ್ಲದ ಜನರೇಟರ್ ಹುಡುಕಿದ್ದು

ಮಧುಗಿರಿಯಲ್ಲಿ ಜನರೇಟರ್ ಮಾರುವ, ಬಾಡಿಗೆಗೆ ಕೊಡುವ ಅಂಗಡಿಯೊಂದರಲ್ಲಿ ಬಹುಪಾಲು ಆಯುಷ್ಯ ಕಳೆದು ಈಗ ಮನೆಯಲ್ಲಿ ಕೂತಿದ್ದೇನೆ. ಬಡ್ತಿಯ ವಿಚಾರ ಮಾತ್ರ ಕೇಳಬೇಡಿ. ಅಂಗಡಿಯಲ್ಲಿ ಇದ್ದದ್ದೇ ಎರಡು ಕುರ್ಚಿ. ಒಂದರಲ್ಲಿ ಸಾಹುಕಾರರು, ಇನ್ನೊಂದರಲ್ಲಿ ನಾನು. ಅವರು ಏಳುವ ಲಕ್ಷಣ ಕಾಣಲಿಲ್ಲ, ಹಾಗಾಗಿ ನಾನು ಮೇಲೇರುವ ಪ್ರಶ್ನೆಯೂ ಬರಲಿಲ್ಲ.

ಈ ಕಸುಬಿಗೆ ಹೊಸದಾಗಿ ಬಂದವರು ಆಗಾಗ ಮನೆಗೆ ಬಂದು, "ಸರೋಜಕ್ಕ, ಒಳ್ಳೇ ಜನರೇಟರ್ ಆರಿಸೋದು ಹೆಂಗೆ?" ಎಂದು ಕೇಳುತ್ತಾರೆ. ಪುಸ್ತಕದಲ್ಲಿ ಬರೆದಿರುವುದನ್ನು ನಾನು ಮತ್ತೆ ಹೇಳಿ ಏನು ಪ್ರಯೋಜನ? ಅದರ ಬದಲು ಸಿರಾದ ರೇಷ್ಮಾಳಿಗೆ ರೇಸಿನ ಮೈದಾನಕ್ಕೆ ಒಂದು ಜನರೇಟರ್ ಹುಡುಕಿಕೊಟ್ಟದ್ದನ್ನು ಹೇಳುತ್ತೇನೆ. ಈ ಕೆಲಸದಲ್ಲಿ ಮಾಡಬಹುದಾದ ದಡ್ಡತನಗಳೆಲ್ಲ ಅದೊಂದರಲ್ಲೇ ಬಂದುಹೋಗಿವೆ. ಉಳಿದದ್ದನ್ನು ನೀವೇ ಹೊಸದಾಗಿ ಕಂಡುಹಿಡಿಯಬೇಕು.

ಮೊದಲು ನಮ್ಮ ಸಾಹುಕಾರರ ಪರಿಚಯವಾಗಬೇಕು. ಗೋವಿಂದಪ್ಪನವರು ಹರೆಯದಿಂದ ಇಂಜಿನ್ ಪಕ್ಕದಲ್ಲೇ ನಿಂತು ನಿಂತು ಕಿವಿ ಕಳೆದುಕೊಂಡವರು. ಪೂರ್ತಿ ಕಿವುಡರಲ್ಲ, ತಮಗೆ ಬೇಕಾದ್ದು ಕೇಳುತ್ತಿತ್ತು, ಸಂಬಳ ಜಾಸ್ತಿ ಮಾಡಿ ಎಂದದ್ದು ಕೇಳುತ್ತಿರಲಿಲ್ಲ. ಅವರು ಜನರೇಟರ್ ಮಾರುವ ರೀತಿಯೇ ಬೇರೆ. ಗಿರಾಕಿ ಬಾಗಿಲಿಗೆ ಬಂದ ಕೂಡಲೇ ಇರುವುದರಲ್ಲೇ ದೊಡ್ಡದರ ಹಗ್ಗ ಜಗ್ಗುವರು. ಅಂಗಡಿಯ ತಗಡು ನಡುಗಿ, ಸದ್ದು ಎದುರಿನ ಬೆಟ್ಟಕ್ಕೆ ಬಡಿದು ವಾಪಸ್ ಬರುತ್ತಿತ್ತು. ಆಗ ಇವರು ಗಿರಾಕಿಯ ಮುಖಕ್ಕೆ ಮುಖ ಕೊಟ್ಟು, "ಹೆಂಗೈತೆ ಪವರ್ರು!" ಎಂದು ಕಿರುಚುವರು. ಮದುವೆ ಮನೆಯವರಿಗೆ, ಪೆಂಡಾಲಿನವರಿಗೆ ಅದು ಹಿಡಿಸುತ್ತಿತ್ತು. ಜನರೇಟರ್ ತರಿಸಿದ್ದೇವೆ ಎಂದು ಪಕ್ಕದ ಬೀದಿಗೂ ಗೊತ್ತಾಗದಿದ್ದರೆ ತರಿಸಿ ಏನು ಫಲ!

ನಾನು ಸೇರಿದ್ದು ಬಿಲ್ಲು ಬರೆಯಲು. ಸಾಹುಕಾರರಿಗೆ ಫೋನು ಕೇಳಿಸದೆ, ಕಳ್ಳಂಬೆಳ್ಳಕ್ಕೆ ಹೋಗಬೇಕಾದ ಜನರೇಟರ್ ಬಡವನಹಳ್ಳಿಗೆ ಹೋದ ಮೇಲೆ ಫೋನೂ ನನ್ನ ಪಾಲಿಗೆ ಬಂತು. ಆಮೇಲೆ ಇಂಜಿನ್ನಿನ ಸದ್ದು ಕೇಳಿ ಕಾಯಿಲೆ ಹೇಳುವ ಕೆಲಸವೂ ಬಂತು. ಅದು ನನ್ನ ವಿದ್ಯೆಯೇನಲ್ಲ. ಆ ಅಂಗಡಿಯಲ್ಲಿ ಕಿವಿ ಕೇಳಿಸುತ್ತಿದ್ದವಳು ನಾನೊಬ್ಬಳೇ, ಅಷ್ಟೇ.

ರೇಷ್ಮಾ ಸಿರಾದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಳು. ವಾರವಿಡೀ ಕ್ಲಚ್ಚು ಯಾವುದು ಬ್ರೇಕು ಯಾವುದು ಎಂದು ಕಲಿಸುವುದು, ವಾರದ ಕೊನೆಗೆ ತನ್ನ ಹಳೇ ಸಣ್ಣ ಕಾರನ್ನು ತೆಗೆದುಕೊಂಡು ರೇಸಿಗೆ ಹೋಗುವುದು. ಬಯಲಿನಲ್ಲಿ ಟೈರು ಜೋಡಿಸಿ ದಾರಿ ಮಾಡಿ, ಒಂದೊಂದೇ ಕಾರನ್ನು ಬಿಟ್ಟು, ಯಾರು ಬೇಗ ಸುತ್ತಿ ಬಂದರು ಎಂದು ಗಡಿಯಾರದಲ್ಲಿ ನೋಡುವ ಮಣ್ಣಿನ ರೇಸು ಅದು. ಅಲ್ಲಿ ಕರೆಂಟು ಇರುವುದಿಲ್ಲ. ಟೈರಿಗೆ ಗಾಳಿ ಹಾಕಲು, ಬ್ಯಾಟರಿ ಚಾರ್ಜ್ ಮಾಡಲು, ಲ್ಯಾಪ್‌ಟಾಪಿಗೆ, ಫ್ಯಾನಿಗೆ, ಪ್ರತಿಯೊಬ್ಬರೂ ತಮ್ಮ ತಮ್ಮ ಡೇರೆಯ ಪಕ್ಕ ಒಂದು ಜನರೇಟರ್ ಇಟ್ಟುಕೊಳ್ಳಬೇಕು.

ಅವಳು ಅಂಗಡಿಗೆ ಬಂದಾಗ ಸಾಹುಕಾರರು ರೂಢಿಯಂತೆ ಹಗ್ಗಕ್ಕೆ ಕೈ ಹಾಕಿದರು. ಅವಳು ಅವರ ಕೈ ಹಿಡಿದೇ ನಿಲ್ಲಿಸಿದಳು.

"ಚಾಚಾ, ಮೆಹರ್ಬಾನಿ ಮಾಡಿ ಅದನ್ನ ಎಬ್ಬಿಸ್ಬೇಡಿ. ನನಗೆ ಸದ್ದು ಮಾಡದಿರೋದು ಬೇಕು."

"ಸದ್ದು ಮಾಡ್ದಿದ್ರೆ ಅದು ಕೆಟ್ಟೋಗಿರೋದು ಕಣಮ್ಮ" ಎಂದರು ಸಾಹುಕಾರರು.

ಕೊನೆಗೆ ನನ್ನ ಕಡೆ ತಿರುಗಿ ವಿಷಯ ಹೇಳಿದಳು. ಹಿಂದಿನ ರೇಸಿನಲ್ಲಿ ಅವಳ ಬಾಡಿಗೆ ಜನರೇಟರ್ ಡೇರೆಯ ಪಕ್ಕದಲ್ಲೇ ಅಬ್ಬರಿಸುತ್ತಿತ್ತು. ಮೈಕಿನಲ್ಲಿ ಅವಳ ಹೆಸರು ಕೂಗಿದ್ದಾರೆ, ಮತ್ತೆ ಕೂಗಿದ್ದಾರೆ, ಇವಳಿಗೆ ಕೇಳಿಸಿಲ್ಲ. ಹೊರಗೆ ಬಂದು ನೋಡುವಾಗ ಇವಳ ಸರದಿ ಮುಗಿದು ಮುಂದಿನವನ ಕಾರು ಹೊರಟಿತ್ತು. ಅದಕ್ಕಾಗಿ ತಿಂಗಳುಗಟ್ಟಲೆ ಕಾರು ಸಿದ್ಧ ಮಾಡಿಕೊಂಡಿದ್ದಳಂತೆ. "ಸೋತಿದ್ರೆ ಅಳ್ತಿರ್ಲಿಲ್ಲ ಅಕ್ಕಾ. ಓಡ್ಲೇ ಇಲ್ಲ ನಾನು" ಎಂದಳು.

ಇನ್ನೊಂದು ತಾಪತ್ರಯವೂ ಇತ್ತು. ಮುಂದಿನ ರೇಸು ತಾವರೆಕೆರೆ ಕಡೆಯ ಒಂದು ಬೀಳು ಜಮೀನಿನಲ್ಲಿ. ಅದರ ಪಕ್ಕದಲ್ಲೇ ಮುಳ್ಳುಬೇಲಿ ಸುತ್ತಿ ಕುರಿ ಕೂಡುವ ರೊಪ್ಪ. ಕುರಿ ಮರಿ ಹಾಕುವ ಕಾಲ. ರೊಪ್ಪದ ಯಜಮಾನ ಕರಿಯಜ್ಜ, ಕಾರು ಓಡಿಸಿಕೊಳ್ಳಿ, ಆದರೆ ಒಂದೇ ಸಮ ಬಡಿದುಕೊಳ್ಳುವ ಯಂತ್ರ ತರಬೇಡಿ ಎಂದು ಹೇಳಿಬಿಟ್ಟಿದ್ದ. ಜನರೇಟರ್ ಜೋರು ಸದ್ದು ಮಾಡಿದರೆ ಅಂಥವರನ್ನು ಮೈದಾನದಿಂದ ಕಳಿಸುತ್ತೇವೆ ಎಂದು ರೇಸು ನಡೆಸುವವರು ಎಲ್ಲರಿಗೂ ತಿಳಿಸಿದ್ದರು. ಬೆಂಗಳೂರಿನ ದೊಡ್ಡ ತಂಡಗಳು ಲಾರಿಯಲ್ಲಿ ಪೆಟ್ಟಿಗೆಯಂಥ ದೊಡ್ಡ ಸೈಲೆಂಟ್ ಜನರೇಟರ್ ತರುತ್ತವೆ. ರೇಷ್ಮಾಳ ಹತ್ತಿರ ಇದ್ದದ್ದು ಡ್ರೈವಿಂಗ್ ಸ್ಕೂಲಿನ ಗಳಿಕೆ, ಕಾರಿನ ಡಿಕ್ಕಿಯಲ್ಲಿ ಉಳಿಯುವ ಜಾಗ, ಇಷ್ಟೇ.

ಸಾಹುಕಾರರಿಗೆ ಈಗ ಹುರುಪು ಬಂತು. "ಇರೋದ್ನೇ ಸೈಲೆಂಟ್ ಮಾಡ್ಕೊಡ್ತೀನಿ ಬುಡು" ಎಂದರು. ಪ್ಲೈವುಡ್ಡಿನ ಪೆಟ್ಟಿಗೆ ಹೊಡೆಸಿ, ಒಳಗೆ ಹಳೇ ಹಾಸಿಗೆಯ ಹತ್ತಿ ತುರುಕಿ, ಜನರೇಟರನ್ನು ಬಾಣಂತಿಯಂತೆ ಬೆಚ್ಚಗೆ ಒಳಗೆ ಕೂರಿಸಿದರು. ಇಂಜಿನ್ನಿಗೂ ಗಾಳಿ ಬೇಕು ಎಂದು ನಾನು ಹೇಳಿದ್ದು, ಅದೇ ಹೇಳಿದೆನಲ್ಲ, ಬೇಡದ ಮಾತು ಅವರಿಗೆ ಕೇಳಿಸುತ್ತಿರಲಿಲ್ಲ. ಅಂಗಡಿಯ ಹಿಂದೆ ಪರೀಕ್ಷೆ ನಡೆಯಿತು. ಸದ್ದು ನಿಜಕ್ಕೂ ಕಡಿಮೆಯಾಯಿತು. ಸಾಹುಕಾರರು ಮೀಸೆ ತಿರುವಿಕೊಂಡರು. ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯ ಸಂದಿಯಿಂದ ಹೊಗೆ ಬಂತು, ಆಮೇಲೆ ಬೆಂಕಿಯೇ ಬಂತು. ಪಕ್ಕದ ಹೋಟೆಲಿನವನು ತಟ್ಟೆ ತೊಳೆದ ನೀರಿನ ಬಕೆಟ್ಟು ತಂದು ಸುರಿದ. ಹತ್ತಿಯ ಮೇಲೆ ಇಡ್ಲಿ ಚೂರು, ಕರಿಬೇವಿನ ಎಲೆ ತೇಲುತ್ತಿದ್ದವು.

"ಸದ್ದು ಹೋಯ್ತು ಚಾಚಾ" ಎಂದಳು ರೇಷ್ಮಾ. "ಜನರೇಟರೂ ಹೋಯ್ತು."

ಇದರಿಂದ ನೀವು ಕಲಿಯಬೇಕಾದ್ದು ಇಷ್ಟು. ಸದ್ದನ್ನು ಮುಚ್ಚಿಡಲು ಹೋಗಬೇಡಿ. ಪೆಟ್ಟಿಗೆ, ಗುಂಡಿ, ಕಂಬಳಿ, ಯಾವುದೂ ಬೇಡ. ಡೇರೆಯ ಒಳಗಂತೂ ಬೇಡವೇ ಬೇಡ; ಬೆಂಕಿ ಕಣ್ಣಿಗಾದರೂ ಕಾಣುತ್ತದೆ, ಅದರ ವಿಷದ ಹೊಗೆ ಕಾಣದೆಯೇ ಜೀವ ತೆಗೆಯುತ್ತದೆ. ಮೊದಲಿಗೇ ಸದ್ದು ಕಡಿಮೆ ಮಾಡುವ ಯಂತ್ರ ಹುಡುಕಬೇಕು.

ಅಂಥ ಯಂತ್ರ ಆಗಲೇ ಬಂದಿತ್ತು. ಇನ್ವರ್ಟರ್ ಜನರೇಟರ್ ಎನ್ನುತ್ತಾರೆ. ನಮ್ಮ ಹಳೇ ಬಗೆಯದು ಒಂದು ಫೋನು ಚಾರ್ಜಿಗೆ ಹಾಕಿದರೂ ಊರಿಗೇ ಕರೆಂಟು ಕೊಡುವಷ್ಟು ವೇಗದಲ್ಲಿ ಓಡುತ್ತದೆ. ಇದು ಹಾಗಲ್ಲ. ಎಷ್ಟು ಬೇಕೋ ಅಷ್ಟೇ ಓಡುತ್ತದೆ, ಕೆಲಸ ಕಡಿಮೆಯಿದ್ದಾಗ ಮೆಲ್ಲಗೆ ಗೊಣಗುತ್ತಾ ಕೂರುತ್ತದೆ. ಕರೆಂಟೂ ಏರಿಳಿತವಿಲ್ಲದ್ದು, ಲ್ಯಾಪ್‌ಟಾಪು ಸುಡುವುದಿಲ್ಲ. ಒಂದೇ ತೊಂದರೆಯೆಂದರೆ ಬೆಲೆ. ತುಮಕೂರಿನ ಒಂದು ಅಂಗಡಿಗೆ ರೇಷ್ಮಾಳ ಜೊತೆ ಹೋದೆ. ಅಲ್ಲಿಯ ಮಾರಾಟಗಾರ ರಸ್ತೆಯ ಅಂಚಿಗೆ ಯಂತ್ರ ಇಟ್ಟು ಚಾಲೂ ಮಾಡಿ, "ನೋಡಿ ಮೇಡಂ, ಸದ್ದೇ ಇಲ್ಲ" ಎಂದ. ಬಸ್ಸು, ಲಾರಿ, ಆಟೋಗಳ ಗದ್ದಲದಲ್ಲಿ ಹುಲಿ ಗರ್ಜಿಸಿದರೂ ಸದ್ದೇ ಇರುತ್ತಿರಲಿಲ್ಲ. ಹಿತ್ತಿಲಿಗೆ ತರಿಸಿ ಕೇಳಿದೆವು. ನಿಜವಾಗಿ ಒಳ್ಳೆಯದೇ. ಬೆಲೆ ಕೇಳಿ ರೇಷ್ಮಾ ಎದ್ದು ಬಂದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳನ್ನು ಕೇಳಿದೆ: "ಅಲ್ಲಿ ಏನೇನು ಹಚ್ತೀಯ ಹೇಳು ನೋಡೋಣ."

ಹೇಳಿದಳು. ಗಾಳಿ ಹಾಕುವ ದೊಡ್ಡ ಕಂಪ್ರೆಸರ್, ಚಾರ್ಜರ್, ಲ್ಯಾಪ್‌ಟಾಪ್, ಫ್ಯಾನು. "ಮತ್ತೆ ಚಾಯ್ ಕೆಟಲ್" ಎಂದು ಸೇರಿಸಿದಳು.

ನನಗೆ ನಗು ತಡೆಯಲಾಗಲಿಲ್ಲ. ರೇಸಿನವರು ದೊಡ್ಡ ಜನರೇಟರ್ ತರುವುದು ರೇಸಿಗಲ್ಲ, ಚಹಾಕ್ಕೆ! ಆ ಕೆಟಲ್ ಒಂದೇ ಉಳಿದ ಸಾಮಾನೆಲ್ಲ ಸೇರಿ ಕುಡಿಯುವಷ್ಟು ಕರೆಂಟು ಕುಡಿಯುತ್ತದೆ. ಕಂಪ್ರೆಸರ್ ಶುರುವಾಗುವಾಗ ಒಂದೇ ಸಲ ಬಾಯಿ ಕಳೆದು ನುಂಗುತ್ತದೆ. ಈ ಎರಡನ್ನು ತೆಗೆದರೆ ಅವಳಿಗೆ ಬೇಕಾದ್ದು ಸೂಟ್‌ಕೇಸಿನಷ್ಟಿರುವ ಸಣ್ಣ ಯಂತ್ರ. ಸಣ್ಣದಾದರೆ ಸದ್ದೂ ಸಣ್ಣದು, ಬೆಲೆಯೂ ಸಣ್ಣದು.

"ಗಾಳಿಗೆ ಕಾರಿನ ಬ್ಯಾಟರಿಯಲ್ಲೇ ಓಡೋ ಸಣ್ಣ ಪಂಪು ತಗೋ. ಚಹಾನ ಫ್ಲಾಸ್ಕಲ್ಲಿ ತುಂಬ್ಕೊಂಡು ಹೋಗು" ಎಂದೆ.

"ಕೆಟಲ್ ಬಿಡೋದಾ?" ಎಂದು ಗೆಳತಿ ತೀರಿಹೋದವರ ಹಾಗೆ ಮುಖ ಮಾಡಿದಳು. ಆಮೇಲೆ ಒಪ್ಪಿದಳು.

ಕೊರಟಗೆರೆಯ ಒಬ್ಬ ಫೋಟೋಗ್ರಾಫರ್ ಅಂಥದೊಂದು ಸಣ್ಣ ಇನ್ವರ್ಟರ್ ಜನರೇಟರನ್ನು ಮಾರುತ್ತಾನೆಂದು ತಿಳಿಯಿತು. ಮದುವೆಯ ಹೊರಾಂಗಣ ಶೂಟಿಂಗಿಗೆ ಇಟ್ಟುಕೊಂಡಿದ್ದನಂತೆ. ಈಗ ಬ್ಯಾಟರಿ ದೀಪಗಳು ಬಂದು ಅದು ಬೇಡವಾಗಿತ್ತು. ನಾವು ಹೋದಾಗ ಒಂದೇ ಎಳೆತಕ್ಕೆ ಚಾಲೂ ಮಾಡಿ ತೋರಿಸಿದ. ಹೂವಿನಂತೆ ಓಡಿತು. ರೇಷ್ಮಾ ಪರ್ಸಿಗೆ ಕೈ ಹಾಕಿದಳು. ನಾನು ಯಂತ್ರದ ಹತ್ತಿರ ಕೈ ಒಯ್ದಿದ್ದೆ. ಅದು ಆಗಷ್ಟೇ ಎದ್ದದ್ದಕ್ಕಿಂತ ಬಹಳ ಬಿಸಿಯಿತ್ತು. ನಾವು ಬರುವ ಮುಂಚೆಯೇ ಓಡಿಸಿ ತಯಾರಾಗಿಟ್ಟಿದ್ದಾನೆ.

"ಇದನ್ನ ನಿಲ್ಸಿ. ಒಸಿ ಟೀ ಕುಡ್ಕೊಂಡು ಬರೋಣ" ಎಂದೆ.

"ಟೀ ಯಾಕಕ್ಕ, ಬಿಸ್ಲಲ್ಲಿ ಜ್ಯೂಸ್ ತರುಸ್ತೀನಿ, ಇಲ್ಲೇ ಕುಡೀರಿ" ಎಂದು ಅವನು ಅವಸರ ಮಾಡಿದ.

ಟೀ ಕುಡಿದೆವು, ಅವನ ಆಲ್ಬಮ್ಮುಗಳನ್ನೆಲ್ಲ ನೋಡಿದೆವು, ಕೊರಟಗೆರೆಯ ಅರ್ಧ ಮದುವೆಗಳ ಊಟದ ಪಂಕ್ತಿಗಳು ನನಗೆ ಬಾಯಿಪಾಠವಾದವು. ಯಂತ್ರ ತಣ್ಣಗಾದ ಮೇಲೆ ನಾನೇ ಎಳೆದೆ. ಏಳಲಿಲ್ಲ. ಅವನು ಎಳೆದ, ಏಳಲಿಲ್ಲ. ಬೆವರು ಒರೆಸಿಕೊಂಡು, "ನಿಮ್ಮನ್ ನೋಡಿ ನಾಚ್ಕೊಂಡೈತೆ ಅಕ್ಕ" ಎಂದ. ಪೆಟ್ರೋಲ್ ಒಳಗೇ ಬಿಟ್ಟು ಮೂಲೆಗಿಟ್ಟಿದ್ದರಿಂದ ಕಾರ್ಬೊರೇಟರಿನಲ್ಲಿ ಅಂಟು ಕಟ್ಟಿತ್ತು. ಅದು ತೊಳೆದರೆ ಹೋಗುವ ಕಾಯಿಲೆ, ಆದರೆ ಬೆಲೆ ಇಳಿಸಲು ಸಾಕಾದ ಕಾಯಿಲೆ. ಇಳಿಸಿದ. ನಾನು ಅಂಗಡಿಗೆ ತಂದು ಬಿಚ್ಚಿ ತೊಳೆದು ಜೋಡಿಸಿದೆ. ಹಳೆಯದನ್ನು ಕೊಳ್ಳುವವರು ತಣ್ಣಗಿರುವಾಗಲೇ ಎಬ್ಬಿಸಿ ನೋಡಬೇಕು. ರೇಸು ಮುಗಿದ ಮೇಲೆ ಪೆಟ್ರೋಲ್ ಬಸಿದಿಡಬೇಕು. ಇಷ್ಟು ಮಾಡಿದರೆ ಸಾಕು.

ಸಾಹುಕಾರರು ಅದರ ಹಗ್ಗ ಎಳೆದರು. ಎದ್ದಿತು. ಅವರಿಗೆ ಗೊತ್ತಾಗಲಿಲ್ಲ, ಮತ್ತೆ ಎಳೆಯಲು ಹೋದರು. ನಾನು ಅವರ ಅಂಗೈಯನ್ನು ಹಿಡಿದು ಅದರ ಮೇಲಿಟ್ಟೆ. "ಓಡ್ತೈತೆ" ಎಂದರು, ಮಗುವಿನ ಎದೆ ಮುಟ್ಟಿ ನೋಡಿದವರಂತೆ. ಅವರು ಯಾಕೆ ಜೋರು ಸದ್ದಿನವನ್ನೇ ಇಷ್ಟಪಡುತ್ತಿದ್ದರು ಎಂಬುದು ನನಗೆ ಹೊಳೆದದ್ದು ಆಗಲೇ. ಉಳಿದವು ಅವರ ಪಾಲಿಗೆ ಸತ್ತಂತೆಯೇ ಇದ್ದವು. ಅವರನ್ನು ಅಷ್ಟು ವರ್ಷ ಆಡಿಕೊಂಡಿದ್ದೆ. ಆಮೇಲೂ ಆಡಿಕೊಂಡೆ, ಸ್ವಲ್ಪ ಕಡಿಮೆ.

ರೇಸಿನ ದಿನ ಬೆಳಿಗ್ಗೆ ನಾನೂ ತಾವರೆಕೆರೆಗೆ ಹೋದೆ. ನಮ್ಮ ಯಂತ್ರವನ್ನು ಡೇರೆಯಿಂದ ದೂರ, ಹೊಗೆ ಗಾಳಿಯ ಜೊತೆ ಆಚೆಗೆ ಹೋಗುವಂತೆ, ರೊಪ್ಪಕ್ಕೆ ಬೆನ್ನು ಮಾಡಿ ಇಟ್ಟೆವು. ಪಕ್ಕದ ಡೇರೆ ಪಾವಗಡದ ನರಸಿಂಹನದು. ರೇಷ್ಮಾಳಂತೆ ಸಣ್ಣ ಕಾರುಗಳ ವರ್ಗದಲ್ಲೇ ಓಡುವವನು, ಅವಳಿಗೆ ನೇರ ಪೈಪೋಟಿ. ಅವನು ತನ್ನ ಟೆಂಪೋದಿಂದ ಜನರೇಟರ್ ಇಳಿಸುವುದನ್ನು ನೋಡಿ ಎದ್ದು ನಿಂತೆ. ನಮ್ಮ ಅಂಗಡಿಯ ದೊಡ್ಡ ಗರ್ಜನೆ! ನಾನು ಕೊರಟಗೆರೆಗೆ ಹೋಗಿದ್ದ ದಿನ ಅವನು ಬಂದು ಬಾಡಿಗೆಗೆ ಕೇಳಿದ್ದ, ಸಾಹುಕಾರರು ಕೊಟ್ಟಿದ್ದರು. ಆಮೇಲೆ ಫೋನಿನಲ್ಲಿ ಜೋರಾಗಿ ಕೂಗಿ ಕೇಳಿದ್ದಕ್ಕೆ, "ಅವ್ನು ಸದ್ದಿನ್ ಇಚಾರ ಕೇಳ್ಲಿಲ್ಲ ಕಣಮ್ಮ, ನಾನೂ ಹೇಳ್ಲಿಲ್ಲ" ಎಂದರು.

ನಾನು ನರಸಿಂಹನ ಕಡೆ ಓಡುವಷ್ಟರಲ್ಲಿ, ಸದ್ದಿನ ನಿಯಮವನ್ನು ತಲೆಗೆ ಹಾಕಿಕೊಳ್ಳದ ಅವನು ಹಗ್ಗ ಎಳೆದಾಗಿತ್ತು. ಬಯಲಿನಲ್ಲಿ ಅದರ ಅಬ್ಬರ ಅಂಗಡಿಯಲ್ಲಿದ್ದದ್ದಕ್ಕಿಂತ ಜೋರು. ರೊಪ್ಪದ ಒಳಗೆ ಕುರಿಗಳು ಒಂದರ ಮೇಲೊಂದು ಬಿದ್ದು, ಮುಳ್ಳಿನ ಬೇಲಿ ನೂಕಿಕೊಂಡು ಹೊರಬಂದವು. ಮರಿಗಳು ದಿಕ್ಕಾಪಾಲಾದವು. ನರಸಿಂಹ ಗಾಬರಿಯಿಂದ ಯಂತ್ರ ನಿಲ್ಲಿಸಿದ, ಆದರೆ ಕುರಿಗಳು ನಿಲ್ಲಲಿಲ್ಲ.

ಕರಿಯಜ್ಜ ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದು ನೇರವಾಗಿ ರೇಸು ಹೊರಡುವ ಗೆರೆಯ ಮೇಲೆ ನಿಂತ. ಅವನ ಹಿಂದೆ ಹಟ್ಟಿಯವರು ಬಂದು ನಿಂತರು. ರೇಸು ನಡೆಸುವವನೊಬ್ಬ ಏನೋ ಸಮಾಧಾನ ಹೇಳಲು ಹೋದ.

"ಕಾರು ಬತ್ತವೆ, ಓಯ್ತವೆ. ಕುರಿ ಒಂದ್ಸಲ ತಲೆ ಎತ್ತಿ ನೋಡಿ ಸುಮ್ಕಾಯ್ತವೆ. ನಾನೇನಾರ ಬ್ಯಾಡ ಅಂದ್ನಾ?" ಎಂದ ಅಜ್ಜ. "ಇದು ಉಸ್ರು ಬುಡ್ದಂಗೆ ಬಡ್ಕೊಂಡ್ರೆ ತಾಯಿ ಕೂಗಿದ್ದು ಮರಿಗೆ ಹೆಂಗೆ ಕೇಳ್ಬೇಕು? ಎಲ್ಲಾ ಕಟ್ಕೊಂಡು ಒಂಟೋಗಿ."

ರೇಷ್ಮಾ ನನ್ನ ಮುಖ ನೋಡಿದಳು. ಅವಳ ಕಣ್ಣಿನಲ್ಲಿ ಹಿಂದಿನ ರೇಸು ಕಾಣುತ್ತಿತ್ತು. ಮತ್ತೊಮ್ಮೆ ಓಡದೆಯೇ ಮನೆಗೆ ಹೋಗುವುದು. ಆದರೆ ಅವಳು ಹೇಳಿದ್ದು ಬೇರೆ: "ಅಜ್ಜಾ, ರೇಸು ಆಮೇಲೆ ನೋಡೋಣ. ಮೊದ್ಲು ಮರಿ ಹುಡ್ಕೋಣ."

ಆಮೇಲೆ ಆ ಬಯಲಿನಲ್ಲಿ ನಡೆದದ್ದನ್ನು ನೀವು ನೋಡಬೇಕಿತ್ತು. ಮೈಯೆಲ್ಲ ಮುಚ್ಚುವ ರೇಸಿನ ದಿರಿಸು ತೊಟ್ಟವರು, ಬೆಂಗಳೂರಿನಿಂದ ಕಪ್ಪು ಕನ್ನಡಕ ಹಾಕಿಕೊಂಡು ಬಂದವರು, ಎಲ್ಲ ಕುರಿಮರಿಗಳ ಹಿಂದೆ ಓಡುತ್ತಿದ್ದರು. ಕಾರಿನಲ್ಲಿ ಗಾಳಿಯಂತೆ ಹೋಗುವ ಜನ ಕಾಲ ಮೇಲೆ ಅಷ್ಟು ನಿಧಾನ ಇರುತ್ತಾರೆಂದು ನನಗೆ ಗೊತ್ತಿರಲಿಲ್ಲ. ಒಬ್ಬ ಮರಿಗೆ ಬಿಸ್ಕತ್ತು ತೋರಿಸಿ ಕರೆಯುತ್ತಿದ್ದ. ಇನ್ನೊಬ್ಬ ಹೆಲ್ಮೆಟ್ಟಿನಲ್ಲಿ ಮರಿ ಕೂರಿಸಿಕೊಂಡು ಬಂದ, ಅದು ಅಲ್ಲಿಯೇ ತನ್ನ ಕೆಲಸ ಮುಗಿಸಿತ್ತು. ಹಟ್ಟಿಯ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು.

ಮರಿಗಳೆಲ್ಲ ಬಂದವು, ಒಂದನ್ನು ಬಿಟ್ಟು. ಅದರ ತಾಯಿ ಒಂಟಿಯಾಗಿ ನಿಂತು ಸುತ್ತ ನೋಡುತ್ತಿತ್ತು. ಅಷ್ಟು ಹೊತ್ತಿಗೆ ಎಲ್ಲರಿಗೂ ಸಾಕಾಗಿತ್ತು. ಒಂದು ಮರಿ ತಾನೇ, ಎಲ್ಲೋ ಇರುತ್ತದೆ, ರೇಸು ಶುರು ಮಾಡೋಣ ಎಂದು ಯಾರೋ ಮೆಲ್ಲಗೆ ಅಂದರು. ಸರದಿಯಲ್ಲಿ ಮೊದಲನೆಯವನು ನರಸಿಂಹ. ಅವನು ಕಾರಿನ ಬಾಗಿಲ ಮೇಲೆ ಕೈಯಿಟ್ಟು ನಿಂತಿದ್ದ, ಒಳಗೆ ಕೂರಲಿಲ್ಲ.

ಅಜ್ಜ ಎಲ್ಲರಿಗೂ ಸುಮ್ಮನಿರಲು ಕೈ ಮಾಡಿದ. ಉಳಿದ ಡೇರೆಗಳ ಜನರೇಟರುಗಳನ್ನು ಗಲಾಟೆಯ ನಡುವೆಯೇ ನಿಲ್ಲಿಸಿಬಿಟ್ಟಿದ್ದರು. ಆಮೇಲೆ ನಮ್ಮ ಡೇರೆಯ ಕಡೆ ಬಂದು, ಕಿವಿಗೊಟ್ಟು, "ಅದೇನವ್ವ, ಅಲ್ಲಿ ಗೊರ ಗೊರ ಅಂತೈತಲ್ಲ" ಎಂದ.

ನಮ್ಮ ಜನರೇಟರ್! ಬೆಳಗಿನಿಂದ ಓಡುತ್ತಲೇ ಇತ್ತು. ಅದರ ಪಕ್ಕದಲ್ಲೇ ನಿಂತಿದ್ದ ನನಗೂ ಅದರ ನೆನಪಿರಲಿಲ್ಲ. ಎಲ್ಲ ಗಲಾಟೆಯ ನಡುವೆಯೂ ಅದನ್ನು ನೋಡಿ ಒಳಗೊಳಗೇ ಹೆಮ್ಮೆಯಾಯಿತು. "ಇದರ ಸದ್ದು ಕೇಳಿಸಲ್ಲ ಅಂತ್ಲೇ ತಂದಿದ್ದು ಅಜ್ಜ" ಎಂದೆ.

"ನಿಂಗೆ ಕೇಳ್ಸಕಿಲ್ಲ. ಒಳ್ಳೇದೇ ಐತೆ ಬುಡು, ಆಮ್ಯಾಕೆ ಓಡುಸ್ಕೊ. ಈಗೊಸಿ ನಿಲ್ಸು ತಾಯಿ."

ನಿಲ್ಲಿಸಿದೆ. ಆ ಬಯಲಿನ ಅಷ್ಟೂ ಜನ ಉಸಿರು ಬಿಗಿಹಿಡಿದು ನಿಂತರು. ತಾಯಿಕುರಿ ಒಂದು ಸಲ ಕೂಗಿತು. ಮತ್ತೆ ಕೂಗಿತು. ದೂರದಿಂದ, ಎಲ್ಲೋ ನೆಲದೊಳಗಿನಿಂದ ಬಂದಂತೆ, ಸಣ್ಣ ದನಿಯೊಂದು ಮಾರುತ್ತರ ಕೊಟ್ಟಿತು.

ಕುರಿ ಆ ಕಡೆ ಓಡಿತು, ನಾವೆಲ್ಲ ಅದರ ಹಿಂದೆ. ರೇಸಿನ ದಾರಿಯ ಬಿಗಿ ತಿರುವಿನಲ್ಲಿ ಟೈರುಗಳನ್ನು ನಿಲ್ಲಿಸಿ ಸಾಲಾಗಿ ಒರಗಿಸಿದ್ದರು. ಆ ಟೈರುಗಳ ಒಳಗಿನ ನೆರಳಿಗೆ ನುಗ್ಗಿ ಮರಿ ಮುದುರಿ ಕೂತಿತ್ತು. ಕೈ ಹಾಕಿ ಹೊರಗೆ ತೆಗೆದವನು ನರಸಿಂಹ. ತೆಗೆದವನು ಅದನ್ನು ಅಪ್ಪಿಕೊಂಡು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟ.

"ಅಕ್ಕಾ, ಈ ಟೈರ್‌ಗೆ ಬಂಪರ್ ತಾಕಿಸ್ಕೊಂಡೇ ತಿರುಗ್ಬೇಕು ಅಂತ ಪ್ಲಾನ್ ಮಾಡಿದ್ದೆ" ಎಂದ. ಗಾಬರಿಯಲ್ಲಿ ಮನೆಯ ತೆಲುಗೂ ಬೆರೆಯಿತು: "ಅಯ್ಯೋ ದೇವುಡಾ, ಇದು ಒಳಗಡೆ ಉಂದಿ ಅಂತ ನನಗೇನು ಗೊತ್ತು."

ಅಜ್ಜ ಮರಿಯನ್ನು ತಾಯಿಗೆ ಬಿಟ್ಟು, ಅದು ಹಾಲಿಗೆ ಬಾಯಿ ಹಾಕುವವರೆಗೆ ನೋಡಿ, ಗೆರೆಯ ಮೇಲಿಂದ ತನ್ನವರನ್ನು ಕರೆದುಕೊಂಡು ಹೋದ. ಹೋಗುವ ಮುಂಚೆ ನರಸಿಂಹನ ಜನರೇಟರನ್ನು ಕೋಲಿನಲ್ಲಿ ತೋರಿಸಿ, "ಅದನ್ನ ಮಾತ್ರ ಮೇಲಕ್ಕೆ ಹತ್ಸಿ" ಎಂದ. ಅದು ಟೆಂಪೋ ಹತ್ತಿತು. ನರಸಿಂಹನ ಕಾರಿನ ಬ್ಯಾಟರಿ ಇಳಿದಿತ್ತು, ಈಗ ಚಾರ್ಜ್ ಮಾಡಲು ಕರೆಂಟಿಲ್ಲ. ಅವನು ಬಾನೆಟ್ ತೆರೆದಿಟ್ಟು ಬ್ಯಾಟರಿಯ ವೈರು ಬಿಚ್ಚಿ ಮತ್ತೆ ಸಿಕ್ಕಿಸುತ್ತಿದ್ದ. ರೇಷ್ಮಾ ನಮ್ಮ ಫ್ಯಾನಿನ ವೈರು ಕಿತ್ತು, ಅವನ ಚಾರ್ಜರಿನ ವೈರನ್ನು ತಂದು ಅದೇ ಜಾಗಕ್ಕೆ ಚುಚ್ಚಿದಳು.

"ಗೆದ್ರೆ ಅರ್ಧ ನಂದು" ಎಂದಳು.

ರೇಸು ತಡವಾಗಿ ಶುರುವಾಯಿತು. ಬ್ಯಾಟರಿ ತುಂಬುವವರೆಗೆ ನರಸಿಂಹನ ಸರದಿಯನ್ನು ಹಿಂದಕ್ಕೆ ಹಾಕಿದರು. ಮೈಕಿನಲ್ಲಿ ರೇಷ್ಮಾಳ ಹೆಸರು ಕೂಗಿದಾಗ ನಮ್ಮ ಡೇರೆಯಲ್ಲಿ ಸ್ಪಷ್ಟವಾಗಿ ಕೇಳಿಸಿತು. ಅವಳು "ಖುದಾ ಹಾಫಿಜ್ ಅಕ್ಕಾ" ಎಂದು ಹೆಲ್ಮೆಟ್ ಹಾಕಿಕೊಂಡು ಹೋದಳು. ಅಷ್ಟು ವರ್ಷ ಇಂಜಿನ್ನುಗಳ ಸದ್ದು ಕೇಳಿದವಳು ನಾನು, ಒಂದು ಇಂಜಿನ್ನಿಗಾಗಿ ಹೀಗೆ ಬೆರಳು ಕಚ್ಚಿಕೊಂಡು ನಿಂತದ್ದು ಅದೇ ಮೊದಲು. ಧೂಳೆಬ್ಬಿಸಿ ಹೊರಟಳು. ನೇರ ದಾರಿಯಲ್ಲಿ ಬಾಣದಂತೆ ಹೋದಳು. ಆ ಟೈರುಗಳ ತಿರುವು ಬಂದಾಗ ಅವಳ ಕಾರಿನ ಹಿಂದಿನ ಕೆಂಪು ದೀಪ ಹೊತ್ತಿಕೊಂಡಿತು, ಬಹಳ ಹೊತ್ತು ಹೊತ್ತಿಕೊಂಡೇ ಇತ್ತು.

ಇಳಿದು ಬಂದವಳ ಮುಖ ಬೆವರಿನಲ್ಲಿ ತೊಯ್ದಿತ್ತು. "ಅಲ್ಲೇನೂ ಇಲ್ಲ ಅಂತ ಗೊತ್ತು ಅಕ್ಕಾ. ಆದ್ರೂ ಕಾಲು ಮಾತು ಕೇಳ್ಲಿಲ್ಲ. ಗಯಾ, ಎಲ್ಲಾ ಅಲ್ಲೇ ಹೋಯ್ತು" ಎಂದು ತಲೆ ಹಿಡಿದುಕೊಂಡಳು.

ಆದರೆ ಆಮೇಲೆ ಹೊರಟ ನರಸಿಂಹನ ಕಾರಿನ ಕೆಂಪು ದೀಪವೂ ಅಲ್ಲಿಯೇ ಹೊತ್ತಿಕೊಂಡಿತು. ಅವನ ನಂತರದವನದೂ, ಬೆಂಗಳೂರಿನ ಕಪ್ಪು ಕನ್ನಡಕದವನದೂ. ಎಲ್ಲ ಮುಗಿದಾಗ ರೇಷ್ಮಾ ತನ್ನ ವರ್ಗದಲ್ಲಿ ಮೊದಲನೆಯವಳಾಗಿದ್ದಳು, ನರಸಿಂಹ ಅವಳ ಹಿಂದೆ.

ಸಮಯ ಹಿಡಿಯುವವನು ರೇಸು ಶುರುವಾಗುವ ಹೊತ್ತಿಗಷ್ಟೇ ಬಂದು ದಾರಿಯ ಆ ತುದಿಯ ಮೇಜಿನ ಹತ್ತಿರ ಕೂತಿದ್ದ; ಮರಿಯ ಸುದ್ದಿ ಅವನವರೆಗೆ ಹೋಗಿರಲಿಲ್ಲ. ಎಲ್ಲರೂ ಅದೊಂದೇ ತಿರುವಿನಲ್ಲಿ ನಿಧಾನವಾದದ್ದು ಅವನಿಗೆ ಅರ್ಥವಾಗದೆ ಡೇರೆಯಿಂದ ಡೇರೆಗೆ ಕೇಳಿಕೊಂಡು ಬಂದ. ನಮ್ಮ ಹತ್ತಿರವೂ ಬಂದು, "ಆ ತಿರುವಿನಲ್ಲಿ ನೆಲ ಏನಾದರೂ ಕೆಟ್ಟಿದೆಯಾ?" ಎಂದ.

ನರಸಿಂಹ ರೇಷ್ಮಾಳ ಕಡೆ ನೋಡಿದ. ರೇಷ್ಮಾ ಫ್ಲಾಸ್ಕಿನಿಂದ ಅವನಿಗೆ ಚಹಾ ಬಗ್ಗಿಸುತ್ತಾ, "ಹ್ಞೂ ಸಾರ್, ಅಲ್ಲಿ ಮಣ್ಣು ಸ್ವಲ್ಪ ಮೆತ್ತಗೈತೆ" ಎಂದಳು.